ಬಾಲವಿಲ್ಲದ ಬೆಕ್ಕುಗಳ ದ್ವೀಪ

ಮನೆಯ ಬೆಕ್ಕು ಬಾಲವನ್ನೆತ್ತಿಕೊಂಡು, ಕಾಲಿಗೆ ಮೈಯುಜ್ಜುತ್ತ, ಹಾಲಿಗಾಗಿ ಬೇಡುವುದನ್ನು ಕಾಣದವರಾರು? ಆದರೆ ಆ ಬಾಲವೇ ಇಲ್ಲದ ಬೆಕ್ಕುಗಳಿಂದ ಪ್ರಸಿದ್ಧಿ ಪಡೆದ ದ್ವೀಪವೊಂದುಂಟು. ಅದರ ಹೆಸರು ಮ್ಯಾನ್.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಕಡಲಿನಲ್ಲಿರುವ ಈ ದ್ವೀಪದ ವಿಸ್ತೀರ್ಣ ಸುಮಾರು 572 ಚದರ ಕಿಲೋಮೀಟರು ಮಾತ್ರ. ಇಂಗ್ಲೆಂಡಿನ ಹೀಷಮ್ ರೇವಿನಲ್ಲಿ ಹಡಗನ್ನೇರಿದರೆ ನಾಲ್ಕು ಗಂಟೆಯೊಳಗೆ ದ್ವೀಪದ ರಾಜಧಾನಿಯಾದ ಡಗ್ಲಸ್ ಪಟ್ಟಣವನ್ನು ಸೇರಬಹುದು. ಪಟ್ಟಣದ ಹಿಂದೆ ಹಸುರು ಬೆಟ್ಟಗಳು. ಅವುಗಳಲ್ಲಿ ಅತ್ಯುನ್ನತವಾದ ಸ್ನೇಫೆಲ್ 621 ಮೀಟರು ಎತ್ತರವಾಗಿರುವುದು. ದ್ವೀಪದ ಧ್ವಜದಲ್ಲಿ ಒಂದಕ್ಕೊಂದು ಕೂಡಿದ ಮೂರು ಕಾಲುಗಳ ಲಾಂಛನವುಂಟು. ಲಾಂಛನದಲ್ಲಿ ಒಂದು ಕಾಲು ಹೆಚ್ಚು, ಬೆಕ್ಕಿನಲ್ಲಿ ಒಂದು ಬಾಲ ಕಡಮೆ! ಇಲ್ಲಿಯ ಜನರಿಗೆ ಈ ಬೆಕ್ಕಿನ ಮೇಲೆ ಎಷ್ಟು ಅಭಿಮಾನವೆಂದರೆ, 1970ರಲ್ಲಿ ಹೊರಟ ಕ್ರೌನ್ ನಾಣ್ಯದ ಮೇಲೆಯೂ ಅದರ ಚಿತ್ರವನ್ನು ಅಚ್ಚೊತ್ತಿಸಿದರು.

ಮಹಾಪ್ರಳಯದಲ್ಲಿ ನೋಹನ ನಾವೆಯನ್ನು ಈ ಬೆಕ್ಕು ತಡವಾಗಿ ಹತ್ತಿತೆಂದೂ, ಬಾಗಿಲು ಮುಚ್ಚುವಾಗ ಬಾಲವು ಸಿಕ್ಕಿ ತುಂಡಾಯಿತೆಂದೂ ಒಂದು ಕಥೆಯನ್ನು ಹೇಳುವರು. ನಿಜವಾದ ಕಾರಣವು ರಕ್ತಸಂಬಂಧದಲ್ಲಿದೆ. ಹಿಂದೆ ಯಾವುದೋ ಬೆಕ್ಕಿನ ವಂಶವಾಹಿಯೊಂದರಲ್ಲಿ ವ್ಯತ್ಯಾಸವುಂಟಾಯಿತು. ಸುತ್ತಲೂ ಕಡಲಿರುವ ಸಣ್ಣ ದ್ವೀಪದಲ್ಲಿ ಬೆಕ್ಕುಗಳು ತಮ್ಮತಮ್ಮಲ್ಲಿಯೇ ಕೂಡಿದುದರಿಂದ ಅದು ಹರಡಿತು. ಇದು ‘ಟಿ’ ಎಂಬ ವಂಶವಾಹಿಯಲ್ಲಿರುವುದೆಂದು 2013ರಲ್ಲಿ ಪ್ರಕಟವಾಯಿತು.

ತಾಯಿತಂದೆಗಳಲ್ಲಿ ಒಬ್ಬರಿಂದ ಈ ದೋಷ ಬಂದರೆ ಮರಿಯ ಬಾಲ ಮೋಟಾಗುವುದು, ಇಲ್ಲವೆ ಪೂರ್ತಿ ಇಲ್ಲವಾಗುವುದು. ಇಬ್ಬರಿಂದಲೂ ಬಂದರೆ ಪಿಂಡವು ಗರ್ಭದಲ್ಲಿಯೇ ನಾಶವಾಗುವುದು. ಆದಕಾರಣ ಬಾಲವಿಲ್ಲದ ಎರಡು ಬೆಕ್ಕುಗಳು ಕೂಡಿದರೆ ಸರಾಸರಿ ನಾಲ್ಕು ಪಿಂಡಗಳಲ್ಲಿ ಒಂದು ಅಳಿಯುವುದು. ಉಳಿದ ಮೂರರಲ್ಲಿ ಒಂದಕ್ಕೆ ಪೂರ್ಣ ಬಾಲವಿರುವುದು. ಬಾಲವಿಲ್ಲದ ಮರಿಗಳನ್ನಷ್ಟೇ ಹೆರುವ ಸಂತತಿಯು ಎಂದಿಗೂ ದೊರೆಯಲಾರದು.

ದೋಷವು ಬಾಲದಲ್ಲಿಯೇ ನಿಲ್ಲುವುದಿಲ್ಲ. ಬಾಲವೆಂಬುದು ಬೆನ್ನೆಲುಬಿನ ಕೊನೆಯಷ್ಟೆ. ಕೆಲವು ಮರಿಗಳಲ್ಲಿ ಅದರ ಮೇಲಣ ಎಲುಬೂ ಬೆನ್ನುಹುರಿಯೂ ಸರಿಯಾಗಿ ಬೆಳೆಯವು. ಅಂಥವುಗಳ ಹಿಂಗಾಲುಗಳು ಶಕ್ತಿಗುಂದಿ, ನಡಿಗೆಯು ಮೊಲದ ಕುಪ್ಪಳಿಕೆಯಂತಾಗುವುದು. ಮಲಮೂತ್ರಗಳು ಹಿಡಿತ ತಪ್ಪುವುವು, ಇಲ್ಲವೆ ಮಲಬದ್ಧತೆಯಿಂದ ನರಳುವುವು. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿಯೇ ಈ ಲಕ್ಷಣಗಳು ಸಾಮಾನ್ಯವಾಗಿ ತೋರುವುವು. ಪ್ರದರ್ಶನಗಳಲ್ಲಿ ‘ರಂಪಿ’ ಎಂಬ, ಬಾಲವು ಪೂರ್ತಿ ಇಲ್ಲದ ಬೆಕ್ಕಿಗೇ ಹೆಚ್ಚಿನ ಮನ್ನಣೆ. ಈ ರೋಗದ ಭಯವೂ ಅದಕ್ಕೇ ಹೆಚ್ಚೆಂಬುದು ಶೋಚನೀಯವಾದ ಸಂಗತಿ.

ಹಾಗೆಂದು ಈ ಜಾತಿಯನ್ನೇ ಹಳಿಯಬೇಕಾದುದಿಲ್ಲ. ಆರೋಗ್ಯದಿಂದ ಹುಟ್ಟಿದ ಮ್ಯಾನ್ ಬೆಕ್ಕು ಚುರುಕಾದುದು, ಇಲಿ ಹಿಡಿಯುವುದರಲ್ಲಿ ನಿಪುಣ, ಮನೆಯವರಲ್ಲಿ ವಿಶ್ವಾಸವುಳ್ಳುದು. ವಿವೇಕಿಗಳಾದ ಸಾಕಣೆಗಾರರು ಬಾಲವಿಲ್ಲದುದನ್ನು ಬಾಲವುಳ್ಳುದರೊಡನೆ ಕೂಡಿಸುವರು. ಆಗ ಗರ್ಭದಲ್ಲಿ ಈ ಕಾರಣದಿಂದ ಮರಿಗಳು ಸಾಯವು. ಇಂಥ ಬೆಕ್ಕನ್ನು ಕೊಳ್ಳಬಯಸುವ ಗೃಹಸ್ಥರು ಮರಿಗೆ ನಾಲ್ಕು ತಿಂಗಳಾದರೂ ತುಂಬುವವರೆಗೆ ಕಾಯಬೇಕು. ಅದು ನಡೆಯುವುದನ್ನೂ ನೆಗೆಯುವುದನ್ನೂ ಕಣ್ಣಾರೆ ನೋಡಬೇಕು. ಹಿಂಭಾಗವು ಶುಚಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಪಶುವೈದ್ಯರಿಗೆ ಒಮ್ಮೆ ತೋರಿಸಬೇಕು. ನಾಣ್ಯದ ಮೇಲಣ ಬೆಕ್ಕಿಗೆ ಚೆಲುವಿದ್ದರೆ ಸಾಕು. ಮನೆಯೊಳಗೆ ಓಡಾಡಬೇಕಾದ ಬೆಕ್ಕಿಗೆ ನೋವಿಲ್ಲದ ಬೆನ್ನು ಬೇಕು.