ಮಂಜು ಕವಿದ ಮುಳ್ಳಯ್ಯನಗಿರಿ

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯನ್ನು ಕಂಡು ತಣಿದವರು ವಾಯವ್ಯಕ್ಕೆ ತಿರುಗಿ, ಚಿಕ್ಕಮಗಳೂರಿನ ಮಾರ್ಗವಾಗಿ ಮುಳ್ಳಯ್ಯನಗಿರಿಯನ್ನು ಏರಬಯಸುವುದುಂಟು. 1,930 ಮೀಟರ್ ಎತ್ತರದ ಈ ಶಿಖರವು ಕರ್ನಾಟಕದಲ್ಲೆಲ್ಲ ಉನ್ನತವಾದುದು. ಹಿಮಾಲಯದ ಯಾತ್ರಿಕನು ಹಾದಿಯ ಹಿಮ ಕರಗಿತೇ ಎಂದು ವಿಚಾರಿಸಿಕೊಂಡು ಹೊರಡುತ್ತಾನೆ. ಇಲ್ಲಿ ಹಿಮವಿಲ್ಲವೆಂದು ನಾವು ಕಾಲವನ್ನೇ ವಿಚಾರಿಸದೆ ಹೊರಡುತ್ತೇವೆ. ನಮ್ಮ ನುಡಿಯಲ್ಲಿ ‘ಮಂಜು’ ಎಂಬ ಒಂದೇ ಮಾತು ಹಿಮಕ್ಕೂ ಕಾವಳಕ್ಕೂ ಸಲ್ಲುತ್ತದೆ. ಹಾದಿಯನ್ನು ಮರೆಸುವುದರಲ್ಲಿ ಎರಡೂ ಸಮಾನ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಸರ್ಪದಾರಿಯ ಕಲ್ಲುಗಳು ಜಾರುತ್ತವೆ. ಬೋಳು ಏಣಿನ ಮೇಲೆ ಗಾಳಿ ನಿಲ್ಲಗೊಡದು. ಇಂಬಳದ ಕಾಟ ಬೇರೆ. ಬೇಸಿಗೆಯಲ್ಲಿ ನೆರಳಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಹಾದಿ ಹಸನು. ಆಗಲೂ ಮಂಜು ಕವಿದರೆ, ಜಾಡನ್ನು ಊಹಿಸಿ ನಡೆಯದೆ ನಿಂತು ಕಾಯಬೇಕು. ವೃದ್ಧರೂ ಮಕ್ಕಳೂ ಜೊತೆಗಿದ್ದರೆ ಶಿಖರದ ಸಮೀಪದವರೆಗೆ ಮೋಟಾರು ರಸ್ತೆಯೇ ಇದೆ. ಉಳಿದ ಮೆಟ್ಟಿಲುಗಳನ್ನು ನಿಧಾನವಾಗಿ ಏರಿದರೆ ಮುಳ್ಳಪ್ಪಸ್ವಾಮಿಯ ಗುಡಿ ಸಿಗುತ್ತದೆ.