ಥೇಮ್ಸ್ ನದಿಯಲ್ಲಿ ಮೀನಿನ ಲೆಕ್ಕ

2016ರ ಜೂನ್ 15, ಬುಧವಾರ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಟಕಟೆಗೆ ಒರಗಿ ನಿಂತಿದ್ದೀರಿ. ಬೆನ್ನ ಹಿಂದೆ ಪಾರ್ಲಿಮೆಂಟಿನ ಗಡಿಯಾರ ಗೋಪುರ, ಕಾಲ ಕೆಳಗೆ ಕಂದು ಬಣ್ಣದ ಥೇಮ್ಸ್. ಮೊದಲು ಹಾರ್ನ್ ಸದ್ದು ಕೇಳಿಸುತ್ತದೆ, ಆಮೇಲೆ ಬೋಟುಗಳು ಕಾಣಿಸುತ್ತವೆ. ಪ್ರವಾಸಿಗರನ್ನು ಸುತ್ತಾಡಿಸುವ ನಾಜೂಕಿನ ಬೋಟುಗಳಲ್ಲ. ಉಪ್ಪುನೀರಿಗೆ ಬಣ್ಣ ಕಿತ್ತುಹೋದ, ಬಲೆ ಎಳೆಯುವ ಟ್ರಾಲರ್‌ಗಳು. ಸಮುದ್ರದಿಂದ ಹೊರಟು, ಟವರ್ ಬ್ರಿಜ್ ದಾಟಿ, ರಾಜಧಾನಿಯ ನಡುಮನೆಗೇ ನುಗ್ಗಿವೆ. ಮೈತುಂಬ ಬಾವುಟ, ಬ್ಯಾನರು. ಐರೋಪ್ಯ ಒಕ್ಕೂಟ ಬಿಡೋಣ, ನಮ್ಮ ಸಮುದ್ರ ನಮಗೆ ಬೇಕು ಎಂಬುದು ಅವರ ಕೂಗು. ಒಂದು ಬೋಟಿನ ಮೇಲೆ ಯುಕಿಪ್ ಪಕ್ಷದ ನಾಯಕ ನೈಜೆಲ್ ಫರಾಜ್ ನಿಂತಿದ್ದಾರೆ. ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂಬ ಬ್ರೆಕ್ಸಿಟ್ ಜನಮತಗಣನೆಗೆ ಇನ್ನು ಎಂಟೇ ದಿನ.

ಎದುರಿನಿಂದ ಇನ್ನೊಂದು ಬೋಟು, ಅದರ ಮೇಲೆ ದೊಡ್ಡ ಧ್ವನಿವರ್ಧಕ. ಮೈಕು ಹಿಡಿದಿರುವವರು ಐರ್ಲೆಂಡಿನ ಗಾಯಕ ಬಾಬ್ ಗೆಲ್ಡಾಫ್. 1985ರಲ್ಲಿ ಇಥಿಯೋಪಿಯಾದ ಬರಪೀಡಿತರಿಗಾಗಿ ಲೈವ್ ಏಡ್ ಸಂಗೀತ ಕಛೇರಿ ನಡೆಸಿದ ಅದೇ ಮನುಷ್ಯ. ನೀರಿನ ಮೇಲೆ ಅವರ ದನಿ ಗುಡುಗುತ್ತಿದೆ: ಯುರೋಪಿನ ಪಾರ್ಲಿಮೆಂಟಿನಲ್ಲಿ ಮೀನುಗಾರಿಕೆ ಸಮಿತಿಯ ಸದಸ್ಯನಾಗಿದ್ದಾಗ ಫರಾಜ್ 43 ಸಭೆಗಳಲ್ಲಿ ಒಂದಕ್ಕೆ ಮಾತ್ರ ಹೋಗಿದ್ದರಂತೆ; ಮೀನುಗಾರರ ಗೆಳೆಯ ಅಂತ ಈಗ ಬರಲು ನಾಚಿಕೆಯಾಗುವುದಿಲ್ಲವೇ? ಮಾತು ಸಾಲದೆ ಬೆರಳಿನ ಅಸಭ್ಯ ಸನ್ನೆಯೂ ಆಗುತ್ತದೆ. ಒಳಗೇ ಇರೋಣ ಎಂಬ ಬಾವುಟ ಕಟ್ಟಿಕೊಂಡ ಪುಟ್ಟ ರಬ್ಬರ್ ದೋಣಿಗಳು ಟ್ರಾಲರ್‌ಗಳ ನಡುವೆ ನುಸುಳುತ್ತವೆ. ಮೀನುಗಾರರು ಪೈಪು ತಿರುಗಿಸಿ ನೀರು ಹಾರಿಸುತ್ತಾರೆ. ಸೇತುವೆಯ ಮೇಲೆ ನಗು, ಬೈಗುಳ, ಮೊಬೈಲುಗಳು.

ನೋಡಲು ಜಾತ್ರೆಯೇ. ಆದರೆ ನದಿಯಲ್ಲಿ ನಿಂತು ಬೈದಾಡುತ್ತಿರುವುದು ಒಂದು ಆರ್ಥಿಕ ಪ್ರಶ್ನೆಯ ಮೇಲೆ, ಅದೂ ಬಹಳ ಚಿಕ್ಕ ಪ್ರಶ್ನೆಯ ಮೇಲೆ. ಬ್ರಿಟನ್ನಿನ ಜಿಡಿಪಿಯಲ್ಲಿ ಮೀನುಗಾರಿಕೆಯ ಪಾಲು ಶೇ 0.1ರ ಆಸುಪಾಸು. ಲೆಕ್ಕಪತ್ರದಲ್ಲಿ ಇದು ಕಣ್ಣಿಗೆ ಬೀಳುವ ಸಾಲಲ್ಲ. ಬಂದರಿನ ಊರಿಗೆ ಹೋದರೆ ಮಾತ್ರ ಅಲ್ಲಿ ಅದೊಂದೇ ಸಾಲು. ಗ್ರಿಮ್ಸ್‌ಬಿಯಂಥ ಊರಿನಲ್ಲಿ ದೂರದ ಸಮುದ್ರಕ್ಕೆ ಹೋಗುತ್ತಿದ್ದ ಹಡಗುಗಳು ಕಣ್ಮರೆಯಾಗಿ ದಶಕಗಳೇ ಆದವು. ಇದಕ್ಕೆ ಮುಖ್ಯ ಕಾರಣ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಅಲ್ಲ, ಐಸ್‌ಲ್ಯಾಂಡ್. 1976ರಲ್ಲಿ ಮುಗಿದ ಕಾಡ್ ಮೀನಿನ ಜಗಳದಲ್ಲಿ ಆ ಪುಟ್ಟ ದೇಶ ತನ್ನ ಸುತ್ತಲಿನ 200 ಮೈಲಿ ಸಮುದ್ರವನ್ನು ಉಳಿಸಿಕೊಂಡಿತು, ಬ್ರಿಟಿಷರು ಬರಿಗೈಯಲ್ಲಿ ವಾಪಸಾದರು. ಆದರೆ 1973ರಲ್ಲಿ, ಆಗ ಐರೋಪ್ಯ ಸಮುದಾಯವೆನಿಸಿದ್ದ ಒಕ್ಕೂಟವನ್ನು ಸೇರಿದ ಬ್ರಿಟನ್ ತನ್ನ ನೀರನ್ನು ನೆರೆಯವರಿಗೆ ತೆರೆದದ್ದೂ ಸುಳ್ಳಲ್ಲ. ಎರಡು ನಷ್ಟಗಳು ಒಂದೇ ನೆನಪಾಗಿ ಕೂಡಿಕೊಂಡವು, ಸಿಟ್ಟೆಲ್ಲ ಬ್ರಸೆಲ್ಸ್ ವಿಳಾಸಕ್ಕೆ ಹೋಯಿತು.

ಅದೇ ಬುಧವಾರ, ಕೆಂಟ್‌ನ ಆಶ್‌ಫರ್ಡ್‌ನಲ್ಲಿ ಹಣಕಾಸು ಸಚಿವ ಜಾರ್ಜ್ ಓಸ್ಬರ್ನ್ ಇನ್ನೊಂದು ಲೆಕ್ಕ ಬಿಚ್ಚಿದ್ದಾರೆ. ಒಕ್ಕೂಟ ಬಿಟ್ಟರೆ ಬೊಕ್ಕಸದಲ್ಲಿ 3,000 ಕೋಟಿ ಪೌಂಡ್ ಹಳ್ಳ ಬೀಳುತ್ತದೆ, ತುಂಬಲು ತುರ್ತು ಬಜೆಟ್ ಮಂಡಿಸಿ ತೆರಿಗೆ ಏರಿಸಬೇಕಾಗುತ್ತದೆ, ಖರ್ಚು ಕತ್ತರಿಸಬೇಕಾಗುತ್ತದೆ ಎಂಬ ಎಚ್ಚರಿಕೆ. ಅವರ ಪಕ್ಷದ ಸಂಸದರೇ ಹತ್ತಾರು ಮಂದಿ, ಅಂಥ ಬಜೆಟ್ ತಂದರೆ ವಿರುದ್ಧ ಮತ ಹಾಕುತ್ತೇವೆ ಎಂದು ತಿರುಗಿಬಿದ್ದಿದ್ದಾರೆ. ನಿಮ್ಮ ಹಿಂದೆ ರಸ್ತೆಯಲ್ಲಿ ಎಲ್ಲೋ ಆ ಕೆಂಪು ಬಸ್ಸೂ ಓಡಾಡುತ್ತಿರಬಹುದು: ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತಿದ್ದೇವೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಬರೆದುಕೊಂಡ ಬಸ್ಸು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಬರೆದ ಅಂಕಿ ಅದು. ದಾರಿ ತಪ್ಪಿಸುವಂಥದ್ದು ಎಂದು ಅಂಕಿಅಂಶ ಪ್ರಾಧಿಕಾರವೇ ಹೇಳಿತ್ತು. ಬಸ್ಸು ನಿಲ್ಲಲಿಲ್ಲ.

   

ನದಿಯ ಆ ರಬ್ಬರ್ ದೋಣಿಗಳಲ್ಲೊಂದರಲ್ಲಿ ಸಂಸದೆ ಜೋ ಕಾಕ್ಸ್ ಅವರ ಗಂಡ ಮತ್ತು ಎರಡು ಪುಟ್ಟ ಮಕ್ಕಳಿದ್ದರು. ಮರುದಿನ ಮಧ್ಯಾಹ್ನ, ಯಾರ್ಕ್‌ಷೈರ್‌ನ ತಮ್ಮ ಕ್ಷೇತ್ರದಲ್ಲಿ ಜೋ ಕಾಕ್ಸ್ ಕೊಲೆಯಾದರು. ಪ್ರಚಾರ ಕೆಲವು ದಿನ ನಿಂತಿತು.

ಈಗ ಜೂನ್ 23ರ ರಾತ್ರಿ. ಈಶಾನ್ಯ ಇಂಗ್ಲೆಂಡಿನ ಸಂಡರ್‌ಲ್ಯಾಂಡ್, ಸಿಲ್ಕ್ಸ್‌ವರ್ತ್‌ನ ಟೆನಿಸ್ ಸಭಾಂಗಣ. ಮತ ಎಣಿಕೆಯಲ್ಲಿ ದೇಶಕ್ಕೇ ಮೊದಲಿಗರಾಗುವುದು ಈ ಊರಿನವರ ಹಟ; ಹುಡುಗರು ಹುಡುಗಿಯರು ಕಪ್ಪು ಪೆಟ್ಟಿಗೆಗಳನ್ನು ಎತ್ತಿಕೊಂಡು ಓಡುತ್ತಾ ಒಳಗೆ ಬರುತ್ತಿದ್ದಾರೆ. ಲಂಡನ್ನಿನಲ್ಲಿ ಹಣದ ವ್ಯಾಪಾರಿಗಳು ನಿದ್ದೆಗೆಟ್ಟು ಪರದೆ ನೋಡುತ್ತಿದ್ದಾರೆ. ಉಳಿಯುವವರೇ ಗೆಲ್ಲುತ್ತಾರೆಂಬ ನಂಬಿಕೆಯಲ್ಲಿ ಪೌಂಡು ಒಂದೂವರೆ ಡಾಲರ್ ಮುಟ್ಟಿದೆ. ಹನ್ನೆರಡೂ ಕಾಲು ದಾಟಿದ ಮೇಲೆ ವೇದಿಕೆಯಿಂದ ಅಂಕಿ ಬರುತ್ತದೆ: ಬಿಡೋಣ ಎಂದವರು 82,394, ಉಳಿಯೋಣ ಎಂದವರು 51,930. ಕೇಕೆ. ಹೆಗಲ ಮೇಲೆ ಯಾರನ್ನೋ ಎತ್ತಿದ್ದಾರೆ. ಪರದೆಗಳಲ್ಲಿ ಪೌಂಡು ಕಲ್ಲು ಬಿದ್ದಂತೆ ಕೆಳಗಿಳಿಯುತ್ತಿದೆ. ಬೆಳಗಾಗುವಷ್ಟರಲ್ಲಿ ಅದು 1985ರ ಮಟ್ಟಕ್ಕೆ ಇಳಿದಿತ್ತು. ದೇಶದ ಒಟ್ಟು ಲೆಕ್ಕ ಶೇ 51.9ಕ್ಕೆ 48.1.

ಈ ಊರಿನ ಹೊರಗೆ ನಿಸಾನ್ ಕಾರ್ಖಾನೆ ಇದೆ. 1986ರಿಂದ ಕಾರು ತಯಾರಿಸುತ್ತಿದೆ. ಅರ್ಧಕ್ಕಿಂತ ಹೆಚ್ಚು ಕಾರುಗಳು ಹೋಗುತ್ತಿದ್ದುದು ಒಕ್ಕೂಟದ ದೇಶಗಳಿಗೆ. ಅನ್ನ ಕೊಡುವ ಕಾರ್ಖಾನೆಗೇ ಇವರು ಕಲ್ಲು ಹಾಕಿಕೊಂಡರಲ್ಲ ಎಂದು ಲಂಡನ್ನಿನ ಪತ್ರಿಕೆಗಳು ಮರುಗಿದವು. ಒಕ್ಕೂಟ ಬಿಡಬೇಕೆಂದಿದ್ದ ಅರ್ಥಶಾಸ್ತ್ರಜ್ಞ ಪ್ಯಾಟ್ರಿಕ್ ಮಿನ್‌ಫರ್ಡ್ ಅಂತೂ ಅದೇ ವರ್ಷ ಮುಚ್ಚುಮರೆಯಿಲ್ಲದೆ ಬರೆದಿದ್ದರು: ಸುಂಕವಿಲ್ಲದ ಮುಕ್ತ ವ್ಯಾಪಾರ ಬಂದರೆ ಉತ್ಪಾದನಾ ಉದ್ಯಮ ಬಹುಪಾಲು ಇಲ್ಲವಾಗಬಹುದು, ಹೆದರಬೇಕಿಲ್ಲ, ಒಟ್ಟಾರೆ ದೇಶಕ್ಕೆ ಲಾಭವೇ. ಬಿಡುವವರ ಪಾಳೆಯದ ಈ ಲೆಕ್ಕವನ್ನು ಸಂಡರ್‌ಲ್ಯಾಂಡ್‌ನ ಕರಪತ್ರದಲ್ಲಿ ಅಚ್ಚು ಹಾಕುವ ಧೈರ್ಯ ಯಾರಿಗಿರುತ್ತಿತ್ತು?

ಉಳಿಯುವವರ ಲೆಕ್ಕವೇನೂ ಇದಕ್ಕಿಂತ ಚೆನ್ನಾಗಿ ಮನೆ ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಹಣಕಾಸು ಇಲಾಖೆ ಒಂದು ಅಂಕಿ ಹೊರಡಿಸಿತ್ತು: ಪ್ರತಿ ಕುಟುಂಬಕ್ಕೆ ವರ್ಷಕ್ಕೆ 4,300 ಪೌಂಡ್ ನಷ್ಟ. ಬಿಡಿಸಿ ನೋಡಿದರೆ ಹೇಳಿದ್ದು ಇಷ್ಟು: ಉಳಿದರೆ 2030ರಲ್ಲಿ ಎಷ್ಟು ದೊಡ್ಡದಾಗಿರುತ್ತಿತ್ತೋ, ಅದಕ್ಕಿಂತ ಶೇ 6.2ರಷ್ಟು ಸಣ್ಣದಾದ ಆರ್ಥಿಕತೆ ಸಿಗುತ್ತದೆ. ಈ ಕೊರತೆಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದರು. ಜಿಡಿಪಿಯೆಂದರೆ ಮನೆಯ ಸಂಬಳವಲ್ಲ. ಈಗಿರುವುದರಲ್ಲಿ ಇಷ್ಟು ಹೋಗುತ್ತದೆ ಎಂದೂ ಅರ್ಥವಲ್ಲ. ಅಂಕಿ ಬಾಯಿಂದ ಬಾಯಿಗೆ ಬರುವಾಗ ಇದಾವುದೂ ಉಳಿಯಲಿಲ್ಲ. ಕಿಸೆಗೆ ಕೈ ಹಾಕುತ್ತಾರೆ ಎಂಬ ಬೆದರಿಕೆಯಷ್ಟೇ ಕೇಳಿಸಿತು.

ಪಕ್ಕದ ನ್ಯೂಕಾಸಲ್‌ನಲ್ಲಿ ಪ್ರಚಾರದ ದಿನಗಳಲ್ಲಿ ನಡೆದ ಸಭೆಯೊಂದನ್ನು ಲಂಡನ್ ಕಿಂಗ್ಸ್ ಕಾಲೇಜಿನ ಪ್ರೊಫೆಸರ್ ಆನಂದ್ ಮೆನನ್ ಆಮೇಲೆ ಎಷ್ಟೋ ಕಡೆ ಹೇಳಿದ್ದಾರೆ. ಒಕ್ಕೂಟ ಬಿಟ್ಟರೆ ಜಿಡಿಪಿ ಕುಸಿಯುತ್ತದೆ ಎಂದು ಅವರು ವಿವರಿಸುತ್ತಿದ್ದಾಗ, ಸಭೆಯಿಂದ ಒಬ್ಬ ಹೆಂಗಸು ಕೂಗಿದರಂತೆ: ಅದು ನಿಮ್ಮ ಜಿಡಿಪಿ, ನಮ್ಮದಲ್ಲ. ಆ ಪ್ರಚಾರದ ಗದ್ದಲದಲ್ಲಿ ನನಗೆ ಸಿಕ್ಕ ಏಕೈಕ ಸರಿಯಾದ ಆರ್ಥಿಕ ಟೀಕೆ ಅದು. ಗಣಿ, ಹಡಗುಕಟ್ಟೆ ಮುಚ್ಚಿದ ಊರಿನಲ್ಲಿ ದೇಶದ ಸರಾಸರಿ ಏರಿದಾಗ ಏನೂ ಬರದಿದ್ದವರು, ಅದು ಇಳಿದಾಗ ಏನು ಹೋಗುತ್ತದೆ ಎಂದು ಕೇಳುವುದು ಅವಿವೇಕವಲ್ಲ. ಉತ್ತರ ಇತ್ತು. ಹೋಗುವುದು ಮೊದಲು ಅವರದ್ದೇ. ಅದನ್ನು ಅವರ ಊರಿನ ಹೆಸರು ಹಿಡಿದು ಹೇಳಿದವರು ವಿರಳ.

ಮುಂದಿನ ತಿಂಗಳುಗಳು ಬಿಡೋಣ ಎಂದವರಿಗೆ ನಗುವ ಅವಕಾಶ ಕೊಟ್ಟವು. ಓಸ್ಬರ್ನ್ ಹೆದರಿಸಿದ ತುರ್ತು ಬಜೆಟ್ ಬರಲಿಲ್ಲ, ಕೂಡಲೇ ಬರಲಿದೆಯೆಂದ ಹಿಂಜರಿತ ಬರಲಿಲ್ಲ, ಹೋಗುತ್ತವೆಂದ ಐದು ಲಕ್ಷ ಕೆಲಸ ಹೋಗಲಿಲ್ಲ. ಹೋದದ್ದು ಪೌಂಡಿನ ಬೆಲೆ. ಅದು ಸದ್ದಿಲ್ಲದೆ ಅಂಗಡಿಯ ಬಿಲ್ಲಿಗೆ ಇಳಿಯಿತು. 2017ರ ನವೆಂಬರ್ ಹೊತ್ತಿಗೆ ಹಣದುಬ್ಬರ ಶೇ 3.1. ಬಿಲ್ಲಿನಲ್ಲಿ ಯಾರೂ ಬ್ರೆಕ್ಸಿಟ್ ಎಂದು ಬರೆಯುವುದಿಲ್ಲವಲ್ಲ.

2021ರ ಜನವರಿ 18. ಬ್ರಿಟನ್ ಒಕ್ಕೂಟ ಬಿಟ್ಟಾಗಿದೆ. ಮತ್ತೆ ವೆಸ್ಟ್‌ಮಿನ್‌ಸ್ಟರ್, ಈ ಸಲ ರಸ್ತೆ. ಲಾಕ್‌ಡೌನ್‌ನ ಖಾಲಿ ವೈಟ್‌ಹಾಲ್‌ನಲ್ಲಿ, ಪ್ರಧಾನಿ ಮನೆಯ ಹತ್ತಿರ, ಮೀನು ಸಾಗಿಸುವ ಲಾರಿಗಳು ಸಾಲಾಗಿ ನಿಂತಿವೆ. ಒಂದರ ಮೈಮೇಲೆ ಬ್ರೆಕ್ಸಿಟ್ ಮಾರಣಹೋಮ ಎಂಬ ಅರ್ಥದ ಬರಹ. ಸ್ಕಾಟ್ಲೆಂಡಿನಿಂದ ಸಿಗಡಿ, ಏಡಿ, ಚಿಪ್ಪುಮೀನನ್ನು ಫ್ರಾನ್ಸ್, ಸ್ಪೇನಿಗೆ ಕಳಿಸುವವರ ಲಾರಿಗಳಿವು. ಒಕ್ಕೂಟದೊಂದಿಗಿನ ಹೊಸ ಒಪ್ಪಂದದಲ್ಲಿ ಸುಂಕವಿಲ್ಲ, ಸರಿ. ಆದರೆ ಹಿಡಿದದ್ದಕ್ಕೆ ಒಂದು ಪ್ರಮಾಣಪತ್ರ, ಆರೋಗ್ಯಕ್ಕೆ ಇನ್ನೊಂದು, ಅದಕ್ಕೆ ಪಶುವೈದ್ಯರ ಸಹಿ, ಕಸ್ಟಮ್ಸಿಗೆ ಮತ್ತೊಂದು. ಒಂದೇ ಲಾರಿಯಲ್ಲಿ ಹತ್ತು ಸಣ್ಣ ವ್ಯಾಪಾರಿಗಳ ಪೆಟ್ಟಿಗೆಗಳಿದ್ದರೆ, ಒಬ್ಬನ ಕಾಗದ ತಪ್ಪಿದರೂ ಹತ್ತೂ ಪೆಟ್ಟಿಗೆ ಗಡಿಯಲ್ಲಿ ನಿಲ್ಲಬೇಕು. ಮಲ್ಪೆಯವರಿಗೆ ಇದನ್ನು ವಿವರಿಸಬೇಕಿಲ್ಲ: ಐಸು ಕರಗುತ್ತದೆ, ಬೆಲೆಯೂ ಕರಗುತ್ತದೆ.

ನಾಲ್ಕು ದಿನ ಮೊದಲು ಸಂಸತ್ತಿನಲ್ಲಿ ಸಚಿವ ಜೇಕಬ್ ರೀಸ್-ಮಾಗ್, ಈಗ ಇವು ಬ್ರಿಟಿಷ್ ಮೀನುಗಳು, ಅದಕ್ಕೇ ಹೆಚ್ಚು ಸಂತೋಷವಾಗಿವೆ ಎಂದು ಚಟಾಕಿ ಹಾರಿಸಿದ್ದರು. ಪ್ರಧಾನಿ ಬೋರಿಸ್ ಜಾನ್ಸನ್ ಆರಂಭದ ಅಡಚಣೆ ಎಂದರು, ಯುರೋಪಿನ ಹೋಟೆಲುಗಳು ಕೋವಿಡ್‌ನಿಂದ ಮುಚ್ಚಿರುವುದನ್ನು ತೋರಿಸಿದರು, 2.3 ಕೋಟಿ ಪೌಂಡ್ ಪರಿಹಾರ ಘೋಷಿಸಿದರು. ಕೋವಿಡ್ ಮಾತು ಅರ್ಧ ನಿಜ. ಅದರ ನೆರಳಿನಲ್ಲಿ ಯಾವ ನಷ್ಟ ಯಾವುದರದ್ದು ಎಂದು ಬೇರ್ಪಡಿಸುವುದು ಕಷ್ಟವಾಯಿತು, ಜಗಳಕ್ಕೆ ಇನ್ನಷ್ಟು ವರ್ಷ ಆಯುಸ್ಸು ಸಿಕ್ಕಿತು.

ಆ ಜಗಳ ಇನ್ನೂ ನಡೆದಿದೆ, ಸ್ವರ ಮಾತ್ರ ತಗ್ಗಿದೆ. ಮಿನ್‌ಫರ್ಡ್ ಬಳಗ 2016ರಲ್ಲಿ ಜಿಡಿಪಿ ಶೇ 4ರಷ್ಟು ಏರುತ್ತದೆ ಎಂದಿತ್ತು. ಸರ್ಕಾರದ ಲೆಕ್ಕ ನೋಡುವ ಸ್ವತಂತ್ರ ಬಜೆಟ್ ಕಚೇರಿ, ದೀರ್ಘಕಾಲದಲ್ಲಿ ಉತ್ಪಾದಕತೆ, ಒಕ್ಕೂಟದಲ್ಲಿ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಅದೇ ಶೇ 4ರಷ್ಟು ಕಡಿಮೆಯಾಗುತ್ತದೆ ಎನ್ನುತ್ತದೆ. ನನಗೆ ನಂಬಲು ಸಾಧ್ಯವಾಗುವುದು ಎರಡನೆಯದನ್ನು. ಮೊದಲನೆಯದು ನಿಂತಿದ್ದ ಷರತ್ತನ್ನು, ಎಲ್ಲ ಸುಂಕ ತೆಗೆದು ಬಾಗಿಲು ತೆರೆಯುವುದನ್ನು, ಯಾವ ಸರ್ಕಾರವೂ ಮುಟ್ಟಲಿಲ್ಲ.

ಬಿಟ್ಟಿದ್ದರ ಲಾಭವೆಂದು ಈಗ ಹೆಚ್ಚಾಗಿ ಎತ್ತಿ ತೋರಿಸುವುದು ನಮ್ಮ ದೇಶದೊಂದಿಗಿನ ವ್ಯಾಪಾರ ಒಪ್ಪಂದವನ್ನು. 2025ರ ಜುಲೈ 24ರಂದು ಸಹಿ ಬಿತ್ತು. ಒಕ್ಕೂಟದ ಒಳಗಿದ್ದಿದ್ದರೆ ಬ್ರಿಟನ್ ಒಂಟಿಯಾಗಿ ಇಂಥ ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ ಎಂಬುದು ನಿಜ. ಅದರಿಂದ ದೀರ್ಘಕಾಲದಲ್ಲಿ ವರ್ಷಕ್ಕೆ 480 ಕೋಟಿ ಪೌಂಡ್ ಬರುತ್ತದೆ ಎಂದು ಬ್ರಿಟಿಷ್ ಸರ್ಕಾರವೇ ಅಂದಾಜು ಮಾಡಿದೆ. ಜಿಡಿಪಿಯಲ್ಲಿ ಅದು ಶೇ 0.13.