ನಿಂತ ನಲವತ್ತು ನಿಮಿಷ

ನಮ್ಮ ಬಡಾವಣೆಗೆ ಮಲೆನಾಡಿನ ಮಹಾಕವಿಯ ಹೆಸರಿದೆ; ಆದರೆ ಇಲ್ಲಿ ಬೀಳುವುದು ಮಲೆನಾಡಿನ ಮಳೆಯಲ್ಲ. ಕುಪ್ಪಳಿಯ ಕಡೆ ಮಳೆ ಹಿಡಿದರೆ ದಿನಗಟ್ಟಲೆ ಹಿಡಿಯುತ್ತದೆ. ಮೈಸೂರಿನ ಕುವೆಂಪುನಗರದ ಮಳೆಗೆ ಅಷ್ಟು ತಾಳ್ಮೆಯಿಲ್ಲ. ಮಧ್ಯಾಹ್ನದವರೆಗೆ ಬಿಸಿಲು ಸುಡುತ್ತದೆ. ಮೂರು ಗಂಟೆಗೆ ಚಾಮುಂಡಿಬೆಟ್ಟದ ಮೇಲೆ ಕಾರ್ಮೋಡ ಕವಿಯುತ್ತದೆ. ಅರ್ಧ ಗಂಟೆಯಲ್ಲಿ ಗುಡುಗು ಮಿಂಚುಗಳೊಡನೆ ಆಕಾಶವೇ ಕಳಚಿ ಬಿದ್ದಂತೆ ಸುರಿಯುತ್ತದೆ. ಸಂಜೆಗೆ ಏನೂ ನಡೆಯಲೇ ಇಲ್ಲವೆಂಬಂತೆ ಹೊಂಬಿಸಿಲು ಇಣುಕುತ್ತದೆ. ಮೇ ಮತ್ತು ಅಕ್ಟೋಬರ್ ನಮ್ಮಲ್ಲಿ ಇಂಥ ಮಳೆಯ ತಿಂಗಳುಗಳು. ಆ ಒಂದು ಗಂಟೆಯನ್ನು ಹೇಗೆ ಕಳೆಯಬೇಕೆಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಅಕ್ಷರ ಬಾರದ ನನ್ನ ತಂದೆಯಿಂದ.

ಕಳೆದ ಅಕ್ಟೋಬರಿನ ಮಾತು. ಚಿತ್ತಾ ಮಳೆಯ ದಿನಗಳು. ಪರೀಕ್ಷಾ ಶುಲ್ಕ ಕಟ್ಟಿ ಅರ್ಜಿ ಒಪ್ಪಿಸಲು ಅದೇ ಕಡೆಯ ದಿನ. ಕಚೇರಿಯ ಬಾಗಿಲು ನಾಲ್ಕೂವರೆಗೆ ಮುಚ್ಚುತ್ತದೆ. ಹಣ ತೆಗೆದುಕೊಂಡು ಅಪ್ಪ ಹೆಗ್ಗಡದೇವನಕೋಟೆಯ ಕಡೆಯ ನಮ್ಮೂರಿಂದ ಬಸ್ಸಿನಲ್ಲಿ ಬಂದಿದ್ದರು. ಹೆಗಲ ಮೇಲೆ ರಾಗಿಹಿಟ್ಟಿನ ಚೀಲ. ಜೇಬಿನಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನೋಟುಗಳು. ಇಬ್ಬರೂ ಕಾಲೇಜಿನ ಕಡೆ ಹೊರಟು ಅರ್ಧ ದಾರಿ ನಡೆದಿದ್ದೆವೋ ಇಲ್ಲವೋ, ಮಳೆ ಹಿಡಿಯಿತು. ಜನ ಸಾಲುಮರದ ಕೆಳಗೆ ಓಡಿದರು. ಅಪ್ಪ ಮಾತ್ರ, “ಸಿಡಿಲು ಮರಾನೇ ಹುಡುಕ್ತದೆ, ಬಾ ಇತ್ಲಾಗೆ” ಎಂದು ನನ್ನನ್ನು ಒಂದು ಔಷಧಿ ಅಂಗಡಿಯ ಒಳಗೆ ಎಳೆದುಕೊಂಡರು.

ಹದಿನೈದು ನಿಮಿಷಕ್ಕೆ ಮಳೆ ತಗ್ಗಿತು. ಆದರೆ ಮುಂದಿನ ತಗ್ಗಿನಲ್ಲಿ ರಸ್ತೆಯೇ ಕಾಣದು. ಮೇಲಿನ ಬೀದಿಗಳ ನೀರೆಲ್ಲ ಕೆಂಪಗೆ ಕದಡಿಕೊಂಡು, ಎಳನೀರು ಬುರುಡೆ, ಒಂಟಿ ಚಪ್ಪಲಿ, ಹಾಲಿನ ಕವರುಗಳನ್ನು ಹೊತ್ತು ಅಡ್ಡಲಾಗಿ ಹರಿಯುತ್ತಿತ್ತು. ಗಡಿಯಾರ ನೋಡಿದೆ: ನಾಲ್ಕಾಗಿತ್ತು.

“ಬಾಪ್ಪ, ಮೊಣಕಾಲುದ್ದವೂ ಇಲ್ಲ. ಇದೇನು ಹೊಳೆಯಾ?” ಎಂದೆ.

“ಹೊಳೆಯಾಗಿದ್ರೆ ಇಳೀಬೋದಿತ್ತು ಕಣ್ ಮಗ. ಅದ್ರ ತಳ ನಂಗೊತ್ತು. ಇದ್ರ ತಳ ನಿಂಗೊತ್ತಾ?” ಎಂದರು ಅಪ್ಪ.

ನನಗೆ ಸಿಟ್ಟು ಬಂತು. ಮೂರು ವರ್ಷ ಈ ರಸ್ತೆಯಲ್ಲಿ ಓಡಾಡಿದವನು ನಾನು. ಊರಿಂದ ಬಂದವರು ನನಗೆ ದಾರಿ ಹೇಳುವುದೆ? ಅಷ್ಟರಲ್ಲಿ ಒಬ್ಬ ತರುಣ ಸ್ಕೂಟರನ್ನು ನೀರಿಗೆ ಇಳಿಸಿದ. ನಡುವೆ ಗಾಡಿ ಕೆಟ್ಟು ನಿಂತಿತು. ಅವನು ಓಲಾಡುತ್ತ ಹೇಗೋ ತಳ್ಳಿಕೊಂಡು ದಾಟಿದ. “ನೋಡು, ಅವನು ಹೋಗಲಿಲ್ವಾ?” ಎಂದು ಹೆಜ್ಜೆ ಮುಂದಿಟ್ಟೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು. ನೇಗಿಲು ಹಿಡಿದ ಕೈ, ಬಿಡಿಸಿಕೊಳ್ಳಲಾಗಲಿಲ್ಲ. “ಹಳ್ಳ ಎಷ್ಟು ಬೇಗ ಬತ್ತದೋ ಅಷ್ಟೇ ಬೇಗ ಹೋಯ್ತದೆ. ನಿಂತ್ಕೊ.”

ನಲವತ್ತು ನಿಮಿಷ ನಿಂತೆವು. ನಾಲ್ಕೂವರೆಯೂ ಕಳೆಯಿತು. ನಾನು ಮಾತು ಬಿಟ್ಟಿದ್ದೆ. ನೀರು ಇಳಿಯುತ್ತಿದ್ದಂತೆ ಮೊದಲು ರಸ್ತೆಯ ನಡು, ಆಮೇಲೆ ಅಂಚು ಕಾಣಿಸಿತು. ನಾನು ಹೆಜ್ಜೆಯಿಡಬೇಕೆಂದಿದ್ದ ಜಾಗದಲ್ಲೇ ಮೋರಿಯ ಒಂದು ಚಪ್ಪಡಿ ಸರಿದು ಓರೆಯಾಗಿತ್ತು. ಆಳು ಇಳಿಯುವಷ್ಟು ಸಂದು. ಕೆಳಗೆ ಇನ್ನೂ ಭೋರೆಂದು ಓಡುತ್ತಿದ್ದ ನೀರು. ಅಪ್ಪ ಏನೂ ಹೇಳಲಿಲ್ಲ. ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು, ಅಷ್ಟೆ.

ಆ ರಾತ್ರಿ ಲೆಕ್ಕ ಹಾಕಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಕಡೆಯ 30 ಅಡಿ, 40 ಅಡಿಯ ನಿವೇಶನವೆಂದರೆ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಸುರಿದರೆ ಆ ಒಂದೇ ನಿವೇಶನದಲ್ಲಿ 5,500 ಲೀಟರಿನಷ್ಟು ನೀರು! ಹೊಲವಾಗಿದ್ದಾಗ ಬಹುಪಾಲನ್ನು ಮಣ್ಣು ಕುಡಿಯುತ್ತಿತ್ತು. ಈಗ ತಾರಸಿ, ಸಿಮೆಂಟಿನ ಅಂಗಳ, ಡಾಂಬರು ಎಲ್ಲವೂ ನೀರನ್ನು ಬೀದಿಗೆ ತಳ್ಳುತ್ತವೆ. ಹಿಂದಿನವರು ನೀರಿಗೂ ನಿಲ್ಲಲು ಜಾಗ ಕೊಟ್ಟಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿಯ ನೆನಪಿಗೆ ಕಟ್ಟಿಸಿದ ಲಿಂಗಾಂಬುಧಿ ಕೆರೆ ನಮ್ಮ ಬಡಾವಣೆಗೆ ಸಮೀಪದಲ್ಲೇ ಇದೆ. ನಮ್ಮೂರಿನ ಹಳ್ಳ ಕಣ್ಣಿಗೆ ಕಾಣುತ್ತದೆ, ಅದಕ್ಕೊಂದು ಹೆಸರಿದೆ, ಅದರ ಭಯವೂ ಇದೆ. ಪಟ್ಟಣದ ಹಳ್ಳ ಚಪ್ಪಡಿಯ ಕೆಳಗಿದೆ. ಆದ್ದರಿಂದ ಅದು ಇಲ್ಲವೆಂದೇ ತಿಳಿದಿದ್ದೇವೆ.

ಹರಿಯುವ ನೀರು ಅರ್ಧ ಅಡಿಯಿದ್ದರೂ ಬಲಿಷ್ಠನ ಕಾಲು ಕೀಳಬಲ್ಲದು. ಒಂದು ಅಡಿ ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿಗೆ ದೊಡ್ಡ ಗಾಡಿಗಳೂ ಕೊಚ್ಚಿಹೋಗುತ್ತವೆ. ನೀರಿನ ವೇಗ ಇಮ್ಮಡಿಯಾದರೆ ಅದರ ನೂಕು ನಾಲ್ಮಡಿಯಾಗುತ್ತದೆ. ಇದು ಹೆದರಿಸುವ ಮಾತಲ್ಲ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರಿಗೆ ಇಳಿದ ಕಾರು ಮುಳುಗಿ, 22 ವರ್ಷದ ತರುಣಿಯೊಬ್ಬಳು ಪ್ರಾಣ ಕಳೆದುಕೊಂಡಳು. ನನಗಿಂತ ಎರಡೇ ವರ್ಷ ದೊಡ್ಡವಳು. ಅದರ ಹಿಂದಿನ ವರ್ಷ, 2022ರ ಸೆಪ್ಟೆಂಬರ್ 5ರ ರಾತ್ರಿ, ಅದೇ ನಗರದಲ್ಲಿ ನೀರು ತುಂಬಿದ ರಸ್ತೆಯಲ್ಲಿ ಸ್ಕೂಟರ್ ಜಾರಿ, ಆಸರೆಗೆಂದು ವಿದ್ಯುತ್ ಕಂಬ ಹಿಡಿದ 23 ವರ್ಷದ ಇನ್ನೊಬ್ಬಳು ತೀರಿಕೊಂಡಳು. ಇಬ್ಬರೂ ಮಾಡಿದ್ದು ನಾವೆಲ್ಲ ದಿನವೂ ಮಾಡುವ ಕೆಲಸ: ದಾರಿ ದಾಟುವುದು.

ಹಾಗಾದರೆ ಮಾಡಬೇಕಾದದ್ದೇನು? ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರದಲ್ಲಿದೆಯೆಂದು ತಿಳಿದು ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ತಳ ಕಾಣದ ನೀರಿಗೆ ಕಾಲನ್ನಾಗಲಿ ಗಾಡಿಯನ್ನಾಗಲಿ ಇಳಿಸಬಾರದು. ವಿದ್ಯುತ್ ಕಂಬ, ಬಿದ್ದ ತಂತಿಗಳ ಹತ್ತಿರ ಸುಳಿಯಬಾರದು. ಅಂಥದು ಕಂಡರೆ 1912ಕ್ಕೆ, ಪ್ರಾಣಾಪಾಯವಿದ್ದರೆ 112ಕ್ಕೆ ಫೋನು ಮಾಡಬೇಕು. ಮನೆಯೊಳಗೆ ನೀರು ನುಗ್ಗುವ ಸೂಚನೆ ಕಂಡರೆ, ಕಾಲ ಕೆಳಗೆ ಇನ್ನೂ ಒಣಗಿರುವಾಗಲೇ ಮೇನ್ ಸ್ವಿಚ್ ಆರಿಸಬೇಕು. ಚರಂಡಿ ನೀರು ಬೆರೆತಿರುವ ಶಂಕೆಯಿದ್ದರೆ ಕುಡಿಯುವ ನೀರನ್ನು ಕುದಿಸಿಯೇ ಕುಡಿಯಬೇಕು. ಇವೆಲ್ಲ ಸುಲಭ. ಕಷ್ಟವಾದದ್ದು ಒಂದೇ: ತಡವಾಗುತ್ತದೆಂದು ತಿಳಿದೂ, ನಾಲ್ಕು ಜನ ನೋಡುತ್ತಿರುವಾಗ, ಸುಮ್ಮನೆ ನಿಲ್ಲುವುದು.

ಅಪ್ಪ ಆ ರಾತ್ರಿ ನನ್ನ ಕೋಣೆಯಲ್ಲೇ ಉಳಿದರು. ಮರುದಿನ ಕಚೇರಿಯಲ್ಲಿ 200 ರೂಪಾಯಿ ದಂಡದೊಡನೆ ಶುಲ್ಕ ಕಟ್ಟಿಸಿಕೊಂಡರು. ಊರಿಗೆ ಹಿಂದಿರುಗಲು ಇಟ್ಟುಕೊಂಡಿದ್ದ ಹಣದಿಂದ ಅಪ್ಪ ದಂಡ ತೆತ್ತರು. ಬಸ್ ಚಾರ್ಜಿಗೆ ನಾನು ಗೆಳೆಯನ ಹತ್ತಿರ ಸಾಲ ಮಾಡಬೇಕಾಯಿತು. ಬಸ್ಸಿನ ಬಳಿ ನನ್ನಿಂದ ಮಾತೇ ಹೊರಡದು. ಕಡೆಗೆ, “ನಿನ್ನೆ ಕೈ ಬಿಡಿಸ್ಕೊಂಡು ಹೋಗಿದ್ರೆ…” ಎಂದೆ.

“ದಂಡ ಕಟ್ಟಿದ್ದಾಯ್ತಲ್ಲ, ಬುಡು. ಚೆನ್ನಾಗಿ ಓದ್ಕೊ” ಎಂದು ಅಪ್ಪ ಬಸ್ಸು ಹತ್ತಿದರು.